ವಿಷಯ: ಹೋಗಿದ್ದು ಎರಡು ಟ್ರ್ಯಾಕ್, ಬಿಲ್ ನಾಲ್ಕಕ್ಕೆ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಪತ್ರ ಇದು ಮೊದಲನೆಯದು. ಫೋನ್ ಐದು ಸಲ ಮಾಡಿದ್ದೇನೆ. ಮೂರು ಸಲ "ಟೆಕ್ನಿಷಿಯನ್ ಊಟಕ್ಕೆ ಹೋಗಿದ್ದಾರೆ" ಎಂದರು. ಅದರಲ್ಲಿ ಒಂದು ಸಲ ಬೆಳಿಗ್ಗೆ ಹತ್ತೂವರೆ ಗಂಟೆ. ನಾಲ್ಕನೇ ಸಲ ಹತ್ತು ನಿಮಿಷ ಮ್ಯೂಸಿಕ್ ಕೇಳಿಸಿದರು. ಐದನೇ ಸಲ "ಮೇಡಂ, ಆ ಜಾಬ್ ಕ್ಲೋಸ್ ಆಗಿದೆ" ಎಂದು ಇಟ್ಟೇಬಿಟ್ಟರು. ನಿಮ್ಮ ಕಂಪ್ಯೂಟರಿನಲ್ಲಿ ಆಗಿರಬಹುದು. ನನ್ನ ಗೇಮ್ ಬಾಯ್ ಹಿಂಬದಿಯ ಮುಚ್ಚಳ ಮಾತ್ರ ಇನ್ನೂ ಕ್ಲೋಸ್ ಆಗುತ್ತಿಲ್ಲ.

ವಸ್ತು ಯಾವುದೆಂದರೆ ನಿಂಟೆಂಡೊ ಗೇಮ್ ಬಾಯ್ ಅಡ್ವಾನ್ಸ್, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್. 2001ರಲ್ಲಿ ಬಂದ ಮಾಡೆಲ್. ಮರುವರ್ಷ ನನ್ನ ತಮ್ಮ ಸಿಂಗಪುರದಿಂದ ನನ್ನ ಮಗನಿಗೆ ತಂದುಕೊಟ್ಟಿದ್ದ. ತಮ್ಮ ಈಗಿಲ್ಲ. ಆದ್ದರಿಂದ "ಈ ದುಡ್ಡಿಗೆ ಇನ್ನೊಂದೇ ಬರುತ್ತೆ" ಎಂಬ ನಿಮ್ಮ ಸಲಹೆ ನನಗೆ ಬೇಡ. ಮಗ ಕೆಲಸ ಸಿಕ್ಕು ಊರು ಬಿಟ್ಟಾಗ ಎರಡು ಪೆನ್ಸಿಲ್ ಸೆಲ್ಲನ್ನು ಅದರಲ್ಲೇ ಬಿಟ್ಟು ಹೋಗಿದ್ದ. ಅಟ್ಟದ ಮೇಲೆ ಸೆಲ್ ಸೋರಿದೆ. ಮೊಮ್ಮಗ ಬೇಸಿಗೆ ರಜೆಗೆ ಬರುತ್ತಾನೆಂದು ಇಳಿಸಿ ನೋಡಿದರೆ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ, ಅದರ ಕೆಳಗೆ ಹಸಿರು. ಸ್ವಿಚ್ ಹಾಕಿದರೆ ದೀಪ ಹತ್ತಲಿಲ್ಲ.

ನಾನೇ ಬಿಚ್ಚಿ ನೋಡಿದೆ. ಬ್ಯಾಟರಿ ಟರ್ಮಿನಲ್ ಪಕ್ಕದಲ್ಲಿ ಎರಡು ಟ್ರ್ಯಾಕ್, ಅಂದರೆ ಬೋರ್ಡಿನ ಮೇಲೆ ಕರೆಂಟ್ ಹರಿಯುವ ತಾಮ್ರದ ಗೆರೆಗಳು, ತಿಂದುಹೋಗಿದ್ದವು. ಎರಡೇ. ಮೊಬೈಲಿನಲ್ಲಿ ಹತ್ತಿರದಿಂದ ಏಳು ಫೋಟೋ ತೆಗೆದೆ. ನಾನೇ ಮಾಡಿಕೊಳ್ಳುತ್ತಿದ್ದೆ, ಆದರೆ ಕಣ್ಣಿನ ಪೊರೆ ಆಪರೇಷನ್ ಆಗಿ ಒಂದು ತಿಂಗಳೂ ಆಗಿರಲಿಲ್ಲ. ನಿಮ್ಮ ಬಾಗಿಲ ಮೇಲೆ "ಚಿಪ್ ಲೆವೆಲ್ ಸರ್ವೀಸ್" ಎಂದಿತ್ತು. ನಂಬಿದೆ.

ಹನ್ನೆರಡು ದಿನದ ನಂತರ ಬಂದ ಬಿಲ್ ಹೀಗಿದೆ: ಟ್ರ್ಯಾಕ್ ರಿಪೇರಿ, ಒಂದಕ್ಕೆ 700ರಂತೆ ನಾಲ್ಕಕ್ಕೆ 2,800. ಅದರ ಮೇಲೆ ಶೇ 18 ಜಿಎಸ್‌ಟಿ, 504. ಒಟ್ಟು 3,304 ರೂಪಾಯಿ. ಮೊದಲೇ ಪೂರ್ತಿ ಕಟ್ಟಿಸಿಕೊಂಡು ಆಮೇಲೆ ಡಬ್ಬ ಕೊಟ್ಟಿರಿ. ಕೌಂಟರಿನಲ್ಲೇ ಸೆಲ್ ಹಾಕಿದೆ. ಮುಚ್ಚಳ ಒತ್ತಿ ಹಿಡಿದರೆ ದೀಪ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ಸ್ಪೀಕರ್ ಮೂಕ.

ಇನ್ನು ನಿಮ್ಮ ಕೌಂಟರಿನ ಹುಡುಗನ ಮಾತು. ಶನಿವಾರ, ನನ್ನ ಟೋಕನ್ 17, ಹಿಂದೆ ಏಳೆಂಟು ಜನ.

"ಹುಡುಗಾ, ಯಾವ ನಾಲ್ಕು ಟ್ರ್ಯಾಕ್ ಅಂತ ತೋರಿಸಪ್ಪ" ಎಂದೆ.

"ಆಂಟಿ, ಟ್ರ್ಯಾಕ್ ಅಂದ್ರೆ ಏನು ಗೊತ್ತಾ? ರಸ್ತೆ ಇದ್ದಂಗೆ. ಅದ್ರಲ್ಲಿ ಕರೆಂಟ್ ಹೋಗುತ್ತೆ" ಎಂದ. ಹೇಳಿ ಸುಮ್ಮನಾಗಲಿಲ್ಲ. ನನ್ನ ಟೋಕನ್ ಚೀಟಿಯನ್ನೇ ತಿರುವಿ ಅದರ ಹಿಂದೆ ಒಂದು ರಸ್ತೆ ಬರೆದ. ರಸ್ತೆಯಲ್ಲಿ ಒಂದು ಹಳ್ಳ ಬರೆದ. ಹಳ್ಳದ ಪಕ್ಕ ಒಂದು ಕಾರು ಬರೆದ. "ಈಗ ಕಾರು ಹೋಗಲ್ಲ, ಅಲ್ವಾ ಆಂಟಿ?" ಹಿಂದೆ ಯಾರೋ ನಕ್ಕರು.

ನಾನು ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ 26 ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡುಗಳಿಗೆ ಸೋಲ್ಡರ್ ಹಾಕಿದವಳು. ಆಗ ಅದನ್ನು ಹೇಳಲಿಲ್ಲ. ಕಾರಿನ ಚಿತ್ರ ಚೆನ್ನಾಗಿದೆ ಎಂದಷ್ಟೇ ಹೇಳಿದೆ.

"ಮೀಟರ್ ತಗೊಂಡು ಕಂಟಿನ್ಯುಟಿ ನೋಡು" ಎಂದೆ. ಕರೆಂಟಿನ ದಾರಿ ಎಲ್ಲೂ ಕಡಿಯದಿದ್ದರೆ ಮೀಟರ್ ಬೀಪ್ ಎನ್ನುತ್ತದೆ. ತಂದ. ಒಂದು ಪ್ರೋಬನ್ನು ತಾನು ಹಾಕಿದ್ದ ವೈರಿನ ಈ ತುದಿಗೆ ಇಟ್ಟ, ಇನ್ನೊಂದನ್ನು ಅದೇ ವೈರಿನ ಆ ತುದಿಗೆ. ಬೀಪ್ ಎಂದಿತು. "ನೋಡಿ ಆಂಟಿ, ಪಕ್ಕಾ ಇದೆ." ಮಾನ್ಯರೇ, ವೈರಿನ ಎರಡು ತುದಿಗೆ ಮೀಟರ್ ಇಟ್ಟರೆ ಬೀಪ್ ಬರದೆ ಇನ್ನೇನು ಬರುತ್ತದೆ? ಒಂದು ಪ್ರೋಬನ್ನು ಟರ್ಮಿನಲ್ ಮೇಲೆ, ಇನ್ನೊಂದನ್ನು ಸ್ವಿಚ್ಚಿನ ಕಾಲಿನ ಮೇಲೆ ಇಡು ಎಂದೆ. ಇಟ್ಟ. ಸದ್ದಿಲ್ಲ. ಒತ್ತಿ ಹಿಡಿದ. ಸದ್ದಿಲ್ಲ. "ಪ್ರೋಬ್ ಲೂಸ್ ಇದೆ" ಎಂದ. ಆಮೇಲೆ ಡಬ್ಬವನ್ನು ನನ್ನ ಕಡೆ ಸರಿಸಿ, ಹಿಂದಿನವರಿಗೂ ಕೇಳುವ ಹಾಗೆ ಹೇಳಿದ: "ಮನೇಲಿ ಯಾರಾದ್ರೂ ಗೊತ್ತಿರೋರು ಇದ್ರೆ ಕಳಿಸಿ ಆಂಟಿ. ಮಗ ಇದ್ದಾರಾ? ಅವ್ರಿಗೆ ಅರ್ಥ ಮಾಡಿಸ್ತೀವಿ. ನೆಕ್ಸ್ಟ್, 18!"

ಮಗ ಇದ್ದಾನೆ. ಬ್ಯಾಂಕಿನಲ್ಲಿದ್ದಾನೆ. ಸೋಲ್ಡರಿಂಗ್ ಐರನ್ನಿನ ಯಾವ ತುದಿ ಹಿಡಿಯಬಾರದು ಎಂದು ಅವನಿಗೆ ಹೇಳಿಕೊಟ್ಟವಳು ನಾನೇ.

ಮನೆಗೆ ಬಂದು ಬಿಚ್ಚಿದೆ. ಮೂರು ಕವಲಿನ ಸ್ಕ್ರೂಗಳನ್ನು ಸಾದಾ ಸ್ಕ್ರೂಡ್ರೈವರಿನಲ್ಲಿ ತಿರುವಿ ತಲೆ ಸವೆಸಿದ್ದೀರಿ. ಒಂದು ವಾಪಸ್ಸೇ ಬಂದಿಲ್ಲ. ಒಳಗೆ ಕಂಡದ್ದು ಡೋರ್ ಬೆಲ್ಲಿಗೆ ಎಳೆಯುವಂಥ ದಪ್ಪ ಪ್ಲಾಸ್ಟಿಕ್ ವೈರ್. ಬೋರ್ಡಿನ ಮೇಲೆ ಸೇತುವೆ ಕಟ್ಟಿದಂತೆ ನಿಂತಿದೆ. ಮುಚ್ಚಳ ಕೂರದಿರುವುದು ಅದಕ್ಕೇ. ಅದರ ಮೇಲೆ ಬಿಸಿ ಗ್ಲೂ ಒಂದು ಮುದ್ದೆ. ಬಿಳಿ ಪುಡಿ ಇದ್ದಲ್ಲೇ ಇದೆ. ಅಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಶಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಮೊದಲು ಸ್ವಲ್ಪ ವಿನೆಗರ್ ಹಚ್ಚಿ ಅದನ್ನು ಸಾಯಿಸಬೇಕು, ಆಮೇಲೆ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ತೊಳೆಯಬೇಕು. ಇಲ್ಲದಿದ್ದರೆ ಬೋರ್ಡಿನ ಹಸಿರು ಲೇಪದ ಕೆಳಗೆ ಅದು ತಾಮ್ರವನ್ನು ತಿನ್ನುತ್ತಲೇ ಹೋಗುತ್ತದೆ. ಎರಡೂ ಸೇರಿ ನೂರಿನ್ನೂರು ರೂಪಾಯಿ ಖರ್ಚು. ಬಳಿಕ ಆ ಲೇಪವನ್ನು ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು, ತಾಮ್ರ ಹೊಳೆದ ಮೇಲೆ ಸೋಲ್ಡರ್ ಲೇಪಿಸಿ, ಕೂದಲೆಳೆಯಷ್ಟು ಸಣ್ಣ ಎನಾಮೆಲ್ ವೈರನ್ನು ಹಳೆಯ ದಾರಿಯಲ್ಲೇ ಮಲಗಿಸಬೇಕು. ಈ ಡಬ್ಬದಲ್ಲಿ ಓಡುವುದು ಎರಡು ಸೆಲ್ಲಿನ 3 ವೋಲ್ಟ್. ಡೋರ್ ಬೆಲ್ ವೈರ್ ಬೇಕಿಲ್ಲ.

ಈಗ ನಾಲ್ಕರ ಲೆಕ್ಕ. ಮೊದಲ ವೈರ್, ಎರಡನೇ ವೈರ್ ಸರಿ, ನನ್ನ ಎರಡು ಟ್ರ್ಯಾಕಿಗೆ. ಮೂರು ಮತ್ತು ನಾಲ್ಕನೆಯವು ವಾಲ್ಯೂಮ್ ಚಕ್ರದ ಹತ್ತಿರ ಇವೆ. ಅಲ್ಲಿ ಐರನ್ ಜಾಸ್ತಿ ಹೊತ್ತು ಇಟ್ಟ ಕಂದು ಗುರುತಿದೆ, ಎರಡು ಪ್ಯಾಡ್, ಅಂದರೆ ಸೋಲ್ಡರ್ ಹಿಡಿಯುವ ತಾಮ್ರದ ಬಿಲ್ಲೆಗಳು, ಟ್ರ್ಯಾಕಿನ ಸಮೇತ ಎದ್ದು ಬಂದಿವೆ. ನನ್ನ ಐದನೇ ಫೋಟೋದಲ್ಲಿ ಅದೇ ಜಾಗ ಹೊಸದರಂತೆ ಹೊಳೆಯುತ್ತಿದೆ. ಅಂದರೆ ಕಿತ್ತವರೂ ನೀವು, ಅದಕ್ಕೆ ತೇಪೆ ಹಾಕಿದವರೂ ನೀವು, 1,400 ಮತ್ತು ತೆರಿಗೆ ಕೊಟ್ಟವಳು ಮಾತ್ರ ನಾನು. ತೇಪೆಯೂ ಹಿಡಿದಿಲ್ಲ. ಸ್ಪೀಕರ್ ಮೂಕವಾಗಿರುವುದು ಅದರಿಂದಲೇ. ನನ್ನ ಸರ್ವೀಸಿನಲ್ಲಿ ನಾನೂ ಪ್ಯಾಡ್ ಎಬ್ಬಿಸಿದ್ದುಂಟು. ಸೂಪರ್‌ವೈಸರ್ ಮುಂದೆ ಹೋಗಿ ಒಪ್ಪಿಕೊಳ್ಳುತ್ತಿದ್ದೆವು. ಬಿಲ್ ಮಾಡುವ ಉಪಾಯ ನಮಗೆ ಹೊಳೆದಿರಲಿಲ್ಲ.

ನಿಮ್ಮ ಜಾಬ್ ಶೀಟಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ 4ನೇ ಮತ್ತು 7ನೇ ಷರತ್ತುಗಳಿವೆ. ಬರೆದವರು ನೀವೇ. 4ನೆಯದರಂತೆ ಹೆಚ್ಚಿನ ಕೆಲಸಕ್ಕೆ ಕೈ ಹಾಕುವ ಮೊದಲು ನನಗೆ ಒಂದು ಫೋನ್ ಬರಬೇಕಿತ್ತು. 7ನೆಯದರಂತೆ ರಿಪೇರಿಯ ಗ್ಯಾರಂಟಿಗೆ ಇರುವ 90 ದಿನ ಇನ್ನೂ ಮುಗಿದಿಲ್ಲ.

ಪೂರ್ತಿ 3,304 ರೂಪಾಯಿ ವಾಪಸ್ ಕೊಡಿ. ಆ ಸ್ಕ್ರೂ ಸಿಕ್ಕರೆ ಅದನ್ನೂ ಕೊಡಿ. ಬೋರ್ಡನ್ನು ಮತ್ತೆ ರಿಪೇರಿ ಮಾಡಿಕೊಡುತ್ತೇವೆ ಎಂದು ದಯವಿಟ್ಟು ಹೇಳಬೇಡಿ. ಡಾಕ್ಟರು ಹೂಂ ಎಂದ ದಿನ ಅದನ್ನು ನಾನೇ ಮಾಡುತ್ತೇನೆ. ಆ ಹುಡುಗ ಕ್ಷಮೆ ಕೇಳುವುದೂ ಬೇಡ. ಮೀಟರ್ ಎಲ್ಲಿಡಬೇಕು ಎಂದು ಯಾರಾದರೂ ಅವನಿಗೆ ಹೇಳಿಕೊಟ್ಟರೆ ಸಾಕು.

ನಿಮಗೆ 15 ದಿನ. ಗ್ರಾಹಕರ ಆಯೋಗಕ್ಕೆ ಹೋಗಲು ಕಾನೂನು ನನಗೆ ಎರಡು ವರ್ಷ ಕೊಟ್ಟಿದೆ, ಅಷ್ಟು ಕಾಯುವ ಸ್ವಭಾವ ನನ್ನದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇಂಥದಕ್ಕೆ ಸೇವಾ ನ್ಯೂನತೆ ಎನ್ನುತ್ತಾರೆ. 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರು ಬೇಕೆಂದಿಲ್ಲ, ನಾನೇ ವಾದಿಸಬಹುದು. ಏಳು ಫೋಟೋ, ಬಿಲ್, ಕಾರಿನ ಚಿತ್ರವಿರುವ ಟೋಕನ್ ಚೀಟಿ, ಮೂರನ್ನೂ ಫೈಲಿಗೆ ಹಾಕಿಟ್ಟಿದ್ದೇನೆ. ಚೀಟಿಯನ್ನು ಲ್ಯಾಮಿನೇಷನ್ ಮಾಡಿಸಿದ್ದೇನೆ. ನಿಮ್ಮ ಕಡೆಯವರು ಪ್ರತಿ ಸಲ ಅಂಗಡಿ ಬಿಟ್ಟು, ವಕೀಲರಿಗೆ ಫೀಸು ಕೊಟ್ಟು, ಗಾಡಿಗೆ ಪೆಟ್ರೋಲ್ ಹಾಕಿಸಿ ಬರಬೇಕು. ನಾನು ರಿಟೈರ್ ಆದವಳು. ಎಷ್ಟು ವಾಯಿದೆ ಬಿದ್ದರೂ ಬರುತ್ತೇನೆ. ಶಕ್ತಿ ಯೋಜನೆಯಲ್ಲಿ ನನಗೆ ಬಿಎಂಟಿಸಿ ಬಸ್ ಫ್ರೀ.

ಇತಿ,
ಟೋಕನ್ ನಂಬರ್ 17