ಮುದ್ಗರ ಶಿಬಿರ: ತೂಕಕ್ಕೆ ಮುಂಚೆ ಜಾಗ ಅಳೆಯಿರಿ

ಮಾನ್ಯರೇ,

ಗರಡಿ ಮನೆಯ ಮೂಲೆ ಸೇರಿದ್ದ ಮುದ್ಗರ, ಅಂದರೆ ಕೈಯಲ್ಲಿ ಹಿಡಿದು ತಿರುಗಿಸುವ ದಪ್ಪ ತುದಿಯ ದೊಣ್ಣೆ, ಈಗ ಜಿಮ್‌ಗಳಿಗೆ ಬಂದಿದೆ. ಮರದ್ದೂ ಇದೆ, ಉಕ್ಕಿನದ್ದೂ ಇದೆ. ಹಾಸನದಂಥ ಊರಿನಲ್ಲೂ ಹೊಸಬರಿಗೆಂದು ಅರ್ಧ ದಿನದ ಶಿಬಿರಗಳಿಗೆ ಕರೆಯುತ್ತಿದ್ದಾರೆ. ಒಳ್ಳೆಯದೇ. ಭುಜ, ಮುಂಗೈ, ಹಿಡಿತ ಮೂರಕ್ಕೂ ಒಟ್ಟಿಗೆ ಕೆಲಸ ಕೊಡುವ ಇಷ್ಟು ಅಗ್ಗದ ಸಾಮು ಬೇರೆ ಸಿಗುವುದು ಕಷ್ಟ. ಆದರೆ ಇಂಥ ಶಿಬಿರಗಳ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿರುವುದು ಕಿಲೋ ಲೆಕ್ಕ. ದುಡ್ಡು ಕಟ್ಟುವ ಮೊದಲು ಹೊಸಬರು ಕೇಳಬೇಕಾದ್ದು ಜಾಗದ ಲೆಕ್ಕ.

ಬೆಳೆದವರ ತೋಳು ಸುಮಾರು 70 ಸೆಂ.ಮೀ., ಹಗುರ ಮುದ್ಗರ ಸುಮಾರು 50 ಸೆಂ.ಮೀ. ಅಂದರೆ ಭುಜದಿಂದ 1.2 ಮೀಟರ್ ದೂರದವರೆಗೆ ಮುದ್ಗರದ ತುದಿ ತಿರುಗುತ್ತದೆ. ಪಕ್ಕದವರದ್ದೂ ಅಷ್ಟೇ. ಎರಡೂ ಸೇರಿ 2.4 ಮೀಟರ್, ಕಾಲು ಸ್ವಲ್ಪ ಜರುಗಿದರೂ ತಾಗದಿರಲು ಒಬ್ಬರಿಂದ ಒಬ್ಬರಿಗೆ 3 ಮೀಟರ್ ಬೇಕೇ ಬೇಕು. ಗೋಡೆಯಿಂದ ಒಂದೂವರೆ ಮೀಟರ್. 13.4 ಮೀಟರ್ ಉದ್ದ, 6.1 ಮೀಟರ್ ಅಗಲದ ಒಂದು ಬ್ಯಾಡ್ಮಿಂಟನ್ ಅಂಕಣದೊಳಗೆ ಈ ಲೆಕ್ಕದಲ್ಲಿ ನಾಲ್ಕು ನಾಲ್ಕು ಜನರ ಎರಡು ಸಾಲು, ಒಟ್ಟು 8 ಮಂದಿ ನಿಲ್ಲಬಹುದು. ಅಷ್ಟೇ ಜಾಗದಲ್ಲಿ ಇಪ್ಪತ್ತೈದು ಜನರನ್ನು ನಿಲ್ಲಿಸುವ ಶಿಬಿರಕ್ಕೆ ಹೋಗಬೇಡಿ, ಕಲಿಸುವವರು ಎಷ್ಟೇ ದೊಡ್ಡ ಪೈಲ್ವಾನರಾಗಿರಲಿ.

ಮೇಲಕ್ಕೂ ನೋಡಬೇಕು. ಐದೂಮುಕ್ಕಾಲು ಅಡಿ ಎತ್ತರದವರು ಕೈ ಎತ್ತಿ ಮುದ್ಗರ ನಿಲ್ಲಿಸಿದರೆ ತುದಿ 2.65 ಮೀಟರ್ ಮುಟ್ಟುತ್ತದೆ. 10 ಅಡಿ ಎತ್ತರದ ಕೋಣೆಯಲ್ಲಿ ಫ್ಯಾನಿನ ರೆಕ್ಕೆ ಇರುವುದು ಹೆಚ್ಚುಕಡಿಮೆ ಅಲ್ಲೇ. ಬಯಲೇ ವಾಸಿ. ಮಳೆಗಾಲದಲ್ಲಿ ನಮ್ಮ ಕಡೆ ಬಯಲು ಸಿಗುವುದಿಲ್ಲ, ನಿಜ. ಹಾಗೆಂದು ಒದ್ದೆ ಚಪ್ಪಲಿ ಓಡಾಡಿದ ಟೈಲ್ಸ್ ನೆಲದ ಮೇಲೆ ಮಾಡಿಸುವುದಕ್ಕಿಂತ ದಿನ ಮುಂದಕ್ಕೆ ಹಾಕುವುದು ಮೇಲು.

ನೋಡಲು ಬಂದವರು ಎಲ್ಲಿ ನಿಲ್ಲಬೇಕು ಎಂಬುದನ್ನು ಬಹಳ ಜನ ಕಲಿಸುವವರೂ ಹೇಳುವುದಿಲ್ಲ. ಕೈಜಾರಿದ ಮುದ್ಗರ ತಾನು ತಿರುಗುತ್ತಿದ್ದ ನೇರಕ್ಕೇ ಹಾರುತ್ತದೆ. ತೊಡೆಯ ಪಕ್ಕದಲ್ಲಿ ಹಿಂದೆ ಮುಂದೆ ತೂಗುವಾಗ ಅಪಾಯ ಎದುರಿಗೆ ಮತ್ತು ಬೆನ್ನ ಹಿಂದೆ. ಆಗ ನೋಡುವವರು ಪಕ್ಕದಲ್ಲಿರಬೇಕು. ಎದೆಯ ಮುಂದೆ ಅಥವಾ ಬೆನ್ನ ಹಿಂದೆ ಅಡ್ಡ ಸುತ್ತು ಹಾಕುವಾಗ ಅದು ಪಕ್ಕಕ್ಕೆ ಹಾರುತ್ತದೆ. ಆಗ ಎದುರಿಗೆ ಬರಬೇಕು. ಚಲನೆ ಬದಲಾದಾಗಲೆಲ್ಲ ಮೊಬೈಲ್ ಹಿಡಿದು ನಿಂತವರ ಜಾಗವೂ ಬದಲಾಗಬೇಕು. ಜಾರಿದ್ದನ್ನು ಹಿಡಿಯಲು ಯಾರೂ ಕೈ ಹಾಕಬಾರದು, ಬೀಳಲು ಬಿಡಬೇಕು.

ಇನ್ನು ತೂಕ. ಡಂಬೆಲ್ಸ್ ಎತ್ತಿ ಅಭ್ಯಾಸವಿರುವವರಿಗೆ ಅರ್ಧ ಕಿಲೋ ಮುದ್ಗರ ಕೊಟ್ಟರೆ ನಗುತ್ತಾರೆ. ಡಂಬೆಲ್ಸಿನ ತೂಕ ಮುಷ್ಟಿಯಲ್ಲೇ ಇರುತ್ತದೆ. ಮುದ್ಗರದ ತೂಕ ಮುಷ್ಟಿಯಿಂದ ಸುಮಾರು ಒಂದು ಗೇಣು ದೂರದಲ್ಲಿರುತ್ತದೆ, ಸಾಲದೆಂದು ತಿರುಗುತ್ತಿರುತ್ತದೆ. 1 ಕೆ.ಜಿ. ಮುದ್ಗರವನ್ನು ಕೈ ಚಾಚಿ ತಿರುಗಿಸುವಾಗ ಅದರ ತೂಕದ ಕೇಂದ್ರ ಭುಜದಿಂದ ಸುಮಾರು 90 ಸೆಂ.ಮೀ. ದೂರವಿದೆ ಎಂದುಕೊಳ್ಳಿ. ಒಂದು ಸುತ್ತಿಗೆ 2 ಸೆಕೆಂಡ್ ಹಿಡಿದರೆ ಭುಜವನ್ನು ಹೊರಕ್ಕೆ ಎಳೆಯುವ ಬಲ ಸುಮಾರು 900 ಗ್ರಾಂ ತೂಕಕ್ಕೆ ಸಮ. ಅದೇ ಸುತ್ತನ್ನು 1 ಸೆಕೆಂಡಿನಲ್ಲಿ ಮುಗಿಸಿದರೆ 3.6 ಕೆ.ಜಿ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಮುದ್ಗರ ಕೆಳಗೆ ಬಂದಾಗ ಅದರ ಸ್ವಂತ ತೂಕವೂ ಕೂಡಿಕೊಂಡು ನಾಲ್ಕೂವರೆ ಕಿಲೋ ದಾಟುತ್ತದೆ. ‘ಅಣ್ಣಾ, ಜೋರಾಗಿ, ಇನ್ನೂ ಜೋರಾಗಿ’ ಎಂದು ಕೂಗುವ ತರಬೇತುದಾರರು ಈ ಗುಣಾಕಾರ ಒಮ್ಮೆ ಮಾಡಿ ನೋಡಲಿ.

ಆದ್ದರಿಂದ ಮೊದಲ ದಿನ ಕೈಗೆ 500 ಗ್ರಾಂ ಸಾಕು, ಮೈಗೂಡಿದವರಿಗೆ 1 ಕೆ.ಜಿ. ನಾಲ್ಕೈದು ಕಿಲೋ ಮುದ್ಗರ, ಉದ್ದ ಹಿಡಿಯ ಗದೆ ಮೊದಲ ಶಿಬಿರದ ಸಾಮಾನಲ್ಲ. ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ; ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಬಲಿಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಕೈಗೆ ತೂಕ ಹಗುರ ಅನ್ನಿಸುವ ಹೊತ್ತಿಗೇ ಮೊಣಕೈ ನೋವು ಶುರುವಾಗುವುದು ಈ ಅಂತರದಿಂದ.

ಮುದ್ಗರವನ್ನು ಊರಲ್ಲೇ ಲೇತ್ ಮೇಲೆ ಕಡೆಸಿಕೊಳ್ಳಬಹುದು. ಹಿಡಿ 28ರಿಂದ 32 ಮಿ.ಮೀ. ದಪ್ಪ, ಅದರ ತುದಿಗೆ 45 ಮಿ.ಮೀ.ಗೆ ಕಡಿಮೆಯಿಲ್ಲದ ಉಂಡೆ. ಈ ಉಂಡೆ ಅಲಂಕಾರಕ್ಕಲ್ಲ. ಬೆವರಿದ ಕೈಯಿಂದ ಮುದ್ಗರ ಜಾರದಂತೆ ತಡೆಯುವುದು ಅದೊಂದೇ. ಹಿಡಿ ಮತ್ತು ದೇಹ ಒಂದೇ ಮರದ ತುಂಡಾಗಿರಬೇಕು, ಅಂಟು ಹಾಕಿ ಜೋಡಿಸಿದ್ದು ಬೇಡ. ಕೊರಡಿನ ನಡುವಿನ ತಿರುಳು ಮುದ್ಗರದೊಳಗೆ ಉಳಿದರೆ ಒಣಗುವಾಗ ಅಲ್ಲಿಂದಲೇ ಸುತ್ತಲೂ ಬಿರುಕು ಹರಡುತ್ತದೆ, ಅದನ್ನು ಬಿಟ್ಟು ಪಕ್ಕದ ಭಾಗದಿಂದ ತೆಗೆಸಿ. ನೀಲಗಿರಿ ಒಣಗುತ್ತ ತಿರುಚಿಕೊಳ್ಳುತ್ತದೆ. ತೋಟದಲ್ಲಿ ಸುಲಭವಾಗಿ ಸಿಗುವ ಸಿಲ್ವರ್ ಓಕ್ ಹಗುರ, ಅದೇ ತೂಕಕ್ಕೆ ದಪ್ಪ ಹೆಚ್ಚು ಬೇಕಾಗುತ್ತದೆ. ಕಲಿಯುವ ಜೋಡಿಗೆ ನಡೆಯುತ್ತದೆ. ಗಟ್ಟಿ ಬೇಕೆಂದರೆ ಜಾಲಿ, ಹುಣಸೆ. ಹಿಡಿಗೆ ವಾರ್ನಿಷ್ ಹೊಡೆಸಬೇಡಿ, ಬೆವರಿಗೆ ಜಾರುತ್ತದೆ. ಅಗಸೆ ಎಣ್ಣೆ ಹಚ್ಚಿ ಒರೆಸಿದರೆ ಸಾಕು. ಜೋಡಿಯ ಎರಡೂ ಮುದ್ಗರಗಳನ್ನು ತಕ್ಕಡಿಗೆ ಹಾಕಿ ನೋಡಿ, ಇಪ್ಪತ್ತು ಮೂವತ್ತು ಗ್ರಾಂ ಹೆಚ್ಚುಕಡಿಮೆಯಿದ್ದರೂ ತಿರುಗಿಸುವಾಗ ಕೈಗೆ ಗೊತ್ತಾಗುತ್ತದೆ.

ಬಾಟಲಿಗೆ ಮರಳು ತುಂಬಿಸಿ ಶಿಬಿರ ನಡೆಸುವವರೂ ಇದ್ದಾರೆ. ಅರ್ಧ ಲೀಟರ್ ಬಾಟಲಿ ಮರಳು ತುಂಬಿದರೆ ಸುಮಾರು 800 ಗ್ರಾಂ ತೂಗುತ್ತದೆ, ತೊಡೆಯ ಪಕ್ಕ ಹಿಂದೆ ಮುಂದೆ ತೂಗಾಡಿಸಲು ಅಡ್ಡಿಯಿಲ್ಲ. ತಲೆಯ ಮೇಲೆ ಮಾತ್ರ ಒಯ್ಯಬಾರದು: ಎಳೆತವೆಲ್ಲ ಬೀಳುವುದು ಬಾಟಲಿಯ ಕುತ್ತಿಗೆ ಮೇಲೆ, ಮುಚ್ಚಳ ಕಿತ್ತುಕೊಂಡರೆ ಮರಳು ಕಣ್ಣಿಗೆ. ತೂಕದ ಬಿಲ್ಲೆ ಸೇರಿಸುವ ಉಕ್ಕಿನ ಮುದ್ಗರವಾದರೆ ಪ್ರತಿ ಸರದಿಗೆ ಮುಂಚೆ ಸ್ಕ್ರೂ ಬಿಗಿಯಿದೆಯೇ ನೋಡಿಕೊಳ್ಳಬೇಕು.

ಅರ್ಧ ದಿನಕ್ಕೆ ಮೂರು ಚಲನೆ ಧಾರಾಳವಾಯಿತು. ಎಲ್ಲಕ್ಕೂ ಮೊದಲು ನಿಲುವು: ಕಾಲು ಭುಜದಗಲ, ಮೊಣಕೈ ಪಕ್ಕೆಗೆ ತಾಗಿರಬೇಕು, ಮುಂಗೈ ನೆಲಕ್ಕೆ ಸಮ, ಮಣಿಕಟ್ಟು ನೇರ, ಮುದ್ಗರ ನೆಟ್ಟಗೆ ಮೇಲಕ್ಕೆ. ಪ್ರತಿ ಸುತ್ತೂ ಇಲ್ಲಿಂದ ಹೊರಟು ಇಲ್ಲಿಗೇ ಬಂದು ನಿಲ್ಲಬೇಕು. ಕಿರುಬೆರಳು ಉಂಡೆಗೆ ತಾಗಿರಲಿ. ಬಿಗಿ ಕಿರುಬೆರಳು ಮತ್ತು ಉಂಗುರ ಬೆರಳಲ್ಲಿ, ತೋರುಬೆರಳು ಸಡಿಲ. ಐದೂ ಬೆರಳು ಬಿಗಿದು ಹಿಡಿದರೆ ಮಣಿಕಟ್ಟು ತಿರುಗುವುದಿಲ್ಲ, ತಿರುಗಬೇಕಾದ ಕೆಲಸವೆಲ್ಲ ಮೊಣಕೈಗೆ ಬೀಳುತ್ತದೆ.

ಮೊದಲನೆಯದು ತೂಗು. ತೊಡೆಯ ಪಕ್ಕದಲ್ಲಿ ಗಡಿಯಾರದ ಲೋಲಕದಂತೆ ಮುಂದೆ ಹೊಕ್ಕುಳ ಮಟ್ಟಕ್ಕೆ, ಹಿಂದೆ ಸೊಂಟ ದಾಟುವಷ್ಟು. ನಿಲ್ಲಿಸುವುದನ್ನು ಇಲ್ಲೇ ಕಲಿಸಬೇಕು. ಮುಂದಿನ ತುದಿಯಲ್ಲಿ ಮುದ್ಗರ ಒಂದು ಕ್ಷಣ ನಿಲ್ಲುತ್ತದೆ, ಆ ಕ್ಷಣದಲ್ಲಿ ಮೊಣಕೈ ಮಡಚಿ ನಿಲುವಿಗೆ ತಂದುಕೊಳ್ಳಬೇಕು. ಕೆಳಗೆ ವೇಗವಾಗಿ ಬರುವಾಗ ತಡೆಯಲು ಹೋದರೆ ಭುಜದ ಮುಂಭಾಗಕ್ಕೆ ಜಗ್ಗು ಬೀಳುತ್ತದೆ. ಎರಡನೆಯದು ಎದೆಯ ಮುಂದೆ ತೋಳು ಚಾಚಿ ಅಡ್ಡ ಸುತ್ತು. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ನಿಧಾನವಾಗಿದ್ದರೆ ಸಾಕು.

ಎಲ್ಲರಿಗೂ ಬೇಕಾದ್ದು ಮೂರನೆಯದು, ಬೆನ್ನ ಹಿಂದಿನ ಸುತ್ತು. ಹೆಚ್ಚು ತಪ್ಪಾಗುವುದೂ ಇದರಲ್ಲೇ. ಬಲಗೈಯ ಮುದ್ಗರ ಎಡ ಭುಜದ ಮೇಲಿನಿಂದ ಬೆನ್ನ ಹಿಂದೆ ಇಳಿದು, ಬೆನ್ನಿಗೆ ಅಡ್ಡಲಾಗಿ ಬಲಕ್ಕೆ ತೂಗಿ, ಬಲ ಭುಜದ ಮೇಲೆ ಹಾಯ್ದು ನಿಲುವಿಗೆ ಬರಬೇಕು. ಈ ದಾರಿಯಲ್ಲಿ ಮುಷ್ಟಿ ತಲೆಯ ಹಿಂಬದಿಗೆ ಅಂಟಿದಂತೆ ಸಾಗಬೇಕು, ಮೊಣಕೈ ಸೂರು ನೋಡುತ್ತಿರಬೇಕು. ಅವಸರದವರು ಮುದ್ಗರ ಬಲಕ್ಕೆ ತೂಗಿ ಬರುವ ಮೊದಲೇ ಎಳೆಯುತ್ತಾರೆ. ಅದು ಹೆಗಲ ಮೂಳೆಗೋ ತಲೆಗೋ ಬಡಿಯುತ್ತದೆ. ಬಡಿದೀತೆಂಬ ಹೆದರಿಕೆಗೆ ಕೆಲವರು ತಲೆ ಬಗ್ಗಿಸಿ ದಾರಿ ಬಿಡುತ್ತಾರೆ, ಮರುದಿನ ಕತ್ತು ತಿರುಗುವುದಿಲ್ಲ. ಭುಜ ಬಿಗಿಯಿದ್ದವರು ಎದೆ ಮುಂದೆ ದೂಡಿ ನಡು ಬಗ್ಗಿಸಿ ಕೆಲಸ ಮುಗಿಸುತ್ತಾರೆ, ಪೆಟ್ಟು ಸೊಂಟಕ್ಕೆ. ಮುದ್ಗರ ಬೆನ್ನಿಗೆ ಇಳಿಯುವಾಗ ಉಸಿರು ಬಿಟ್ಟು ಪೃಷ್ಠ ಬಿಗಿಹಿಡಿದರೆ ನಡು ಬಾಗುವುದಿಲ್ಲ.

ಇದನ್ನು ಮೊದಲು ಬರಿಗೈಯಲ್ಲಿ, ಆಮೇಲೆ ತುದಿಗೆ ಗಂಟು ಹಾಕಿ ಒದ್ದೆ ಮಾಡಿದ ಟವೆಲಿನಲ್ಲಿ ಮಾಡಿಸಬೇಕು. ಟವೆಲಿನ ಗಂಟು ಕತ್ತಿಗೆ ತಾಗಿದರೆ ನೋವಿಲ್ಲ, ಆದರೆ ಎಲ್ಲಿ ತಪ್ಪಿತೆಂದು ತಕ್ಷಣ ತಿಳಿಯುತ್ತದೆ. ಹತ್ತು ಸುತ್ತು ತಾಗದೆ ಬಂದ ಮೇಲೆ ಮುದ್ಗರ ಕೈಗೆ ಕೊಡಲಿ. ಇಡೀ ಶಿಬಿರದಲ್ಲಿ ಒಂದು ಕೈಗೆ ಎಲ್ಲ ಸೇರಿ ನೂರು ಸುತ್ತು ಮೀರಬಾರದು. ಮರುದಿನ ಮುಂಗೈಯೂ ಬೆನ್ನಿನ ಮೇಲ್ಭಾಗವೂ ಭಾರವೆನಿಸಿದರೆ ಅದು ಸಹಜ. ಭುಜದ ಮುಂದೆ ಚುಚ್ಚಿದಂತಾದರೆ, ಮೊಣಕೈಯ ಹೊರಮೂಳೆ ಮುಟ್ಟಿದರೆ ನೋಯುತ್ತಿದ್ದರೆ ನಿಲ್ಲಿಸಬೇಕು.

ಸೇರಿಸಿಕೊಳ್ಳುವ ಮೊದಲು ಗೋಡೆ ಪರೀಕ್ಷೆ ಮಾಡಿಸಿ: ಹಿಮ್ಮಡಿ ಗೋಡೆಯಿಂದ ಒಂದು ಅಂಗೈಯಗಲ ದೂರ, ಬೆನ್ನು ಗೋಡೆಗೆ ಒರಗಿಸಿ, ಎರಡೂ ಕೈ ನೇರ ಮೇಲೆತ್ತಿ. ನಡು ಗೋಡೆಯಿಂದ ಎದ್ದು ಬರದಂತೆ ಹೆಬ್ಬೆರಳು ಗೋಡೆ ಮುಟ್ಟದಿದ್ದರೆ ಅವರಿಗೆ ಆ ದಿನ ತೂಗು ಮಾತ್ರ. ಹಿಂದೊಮ್ಮೆ ಭುಜದ ಕೀಲು ತಪ್ಪಿದ್ದವರು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು, ಭುಜ ಹಿಡಿದುಕೊಂಡಿರುವವರು ವೈದ್ಯರನ್ನು ಕೇಳಿ ಬರಲಿ. ಸಕ್ಕರೆ ಕಾಯಿಲೆಯವರಲ್ಲಿ ಈ ಭುಜ ಹಿಡಿತ ಹೆಚ್ಚು. ಇನ್ನೊಂದು ಮಾತು ನಮ್ಮ ಸೀಮೆಗೇ ಸೇರಿದ್ದು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಅರೇಬಿಕಾ ಕಾಫಿ ಹಣ್ಣು ಕೊಯ್ಯುವವರ ಮುಂಗೈ ಮೊದಲೇ ದಣಿದಿರುತ್ತದೆ. ನವೆಂಬರಿನಿಂದ ಜನವರಿವರೆಗೆ ಅವರನ್ನು ಭಾನುವಾರದ ಶಿಬಿರಕ್ಕೆ ಕರೆಯುವುದು ಅವರ ಮೊಣಕೈಗೆ ಒಳ್ಳೆಯದಲ್ಲ.

ಹಗುರ ಮುದ್ಗರವೆಂದರೆ ಹೆಂಗಸರ ಮಕ್ಕಳ ಆಟ ಎನ್ನುವವರಿಗೆ ಒಂದು ವಿಷಯ. 19ನೇ ಶತಮಾನದಲ್ಲಿ ಬ್ರಿಟಿಷ್ ಸೇನೆಯವರು ಇಲ್ಲಿಂದ ಕಲಿತು ಒಯ್ದ ಈ ಸಾಮು 1904ರ ಸೇಂಟ್ ಲೂಯಿಸ್ ಮತ್ತು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್‌ನ ಪದಕ ಸ್ಪರ್ಧೆಯಾಗಿತ್ತು. ಅಲ್ಲಿ ಅಂಕ ಸಿಕ್ಕಿದ್ದು ಸುತ್ತುಗಳಿಗೆ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಇಂಥ ಶಿಬಿರಗಳಿಗೆ ಕ್ರೀಡಾಂಗಣ ಬಿಟ್ಟುಕೊಡುವಾಗ ಅನುಮತಿ ಪತ್ರದಲ್ಲೇ ಮೂರು ಷರತ್ತು ಬರೆಯಲಿ: ಒಬ್ಬರಿಂದ ಒಬ್ಬರಿಗೆ 3 ಮೀಟರ್ ಅಂತರವಿಟ್ಟು ನೆಲದ ಮೇಲೆ ಸುಣ್ಣದ ಗುರುತು, 8 ಮಂದಿಗೆ ಒಬ್ಬ ತರಬೇತುದಾರ, ಹೊಸಬರ ಕೈಗೆ 1 ಕೆ.ಜಿ. ಮೀರದ ಮುದ್ಗರ. ಗುರುತು ಹಾಕಲು ಒಂದು ಟೇಪು, ಅರ್ಧ ಚೀಲ ಸುಣ್ಣ ಸಾಕು.

– ವ್ಯಾಯಾಮ ಶಿಕ್ಷಕರೊಬ್ಬರು, ಹಾಸನ