ಬಾಗಿಲಲ್ಲೂ ವಯಸ್ಸು ಕೇಳಲಿ

ಮಾನ್ಯ ಸಂಪಾದಕರೇ,

ಆನ್‌ಲೈನ್‌ನಲ್ಲಿ ತಂಬಾಕು ಮಾರುವವರು ‘ನನಗೆ 18 ತುಂಬಿದೆ’ ಎಂಬ ಚೌಕಕ್ಕೆ ಟಿಕ್ ಹಾಕಿಸಿಕೊಂಡು ಕೈತೊಳೆದುಕೊಂಡರೆ ಅದು ತಪಾಸಣೆಯೇ ಅಲ್ಲ. ಗುರುತಿನ ಚೀಟಿಯ ಫೋಟೊ ಕೇಳಿದರೂ ಅಪ್ಪನದೋ ಅಣ್ಣನದೋ ಸಾಕಾಗುತ್ತದೆ. ಆರ್ಡರ್ ಮಾಡುವಾಗ ಚೀಟಿಯನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡಬೇಕು. ಪೊಟ್ಟಣ ಕೊಡುವಾಗ ಅದೇ ವ್ಯಕ್ತಿಯ ಮುಖ, ಚೀಟಿ ಎರಡನ್ನೂ ನೋಡಿ ಸಹಿ ಪಡೆಯಬೇಕು. ಬಾಗಿಲ ಬಳಿ ಇಟ್ಟುಹೋಗುವುದು, ಪಕ್ಕದ ಮನೆಗೆ ಕೊಡುವುದು ನಿಲ್ಲಲೇಬೇಕು. ಪೊಟ್ಟಣದ ಮೇಲೆ ‘ವಯಸ್ಸು ನೋಡಿ ಕೊಡಿ’ ಎಂದು ಬರೆಯದಿದ್ದರೆ ಡೆಲಿವರಿ ಹುಡುಗನಿಗೆ ಒಳಗೇನಿದೆ ಎಂದು ಹೇಗೆ ಗೊತ್ತಾಗಬೇಕು? ವಾಪಸ್ ತಂದ ಪೊಟ್ಟಣಕ್ಕೂ ಅವನಿಗೆ ಕೂಲಿ ಸಿಗಬೇಕು. ಇಲ್ಲದಿದ್ದರೆ ಅವನು ವಾಪಸ್ ತರುವುದಾದರೂ ಏಕೆ?

ನಿಕೋಟಿನ್ ದ್ರವವನ್ನು ಬಿಸಿ ಮಾಡಿ ಆವಿಯಾಗಿ ಎಳೆಯುವ ಇ-ಸಿಗರೇಟಿನ ಕಥೆ ಇನ್ನೂ ಕಷ್ಟದ್ದು. ಕೆಲವು ನೋಡಲು ಥೇಟ್ ಪೆನ್‌ಡ್ರೈವ್. ಬೆಂಜೋಯಿಕ್ ಆಮ್ಲ ಬೆರೆಸಿದ ನಿಕೋಟಿನ್ ಲವಣ ಗಂಟಲನ್ನು ಅಷ್ಟಾಗಿ ಕೆರೆಯುವುದಿಲ್ಲ. ಹಾಗಾಗಿ ಮಿಲಿಲೀಟರಿಗೆ 50 ಮಿಲಿಗ್ರಾಂನಷ್ಟು ಗಾಢ ದ್ರವವನ್ನೂ ಹೊಸಬರು ಸಲೀಸಾಗಿ ಎಳೆದುಬಿಡುತ್ತಾರೆ. ಐರೋಪ್ಯ ಒಕ್ಕೂಟದ ಮಿತಿ 20 ಮಿಲಿಗ್ರಾಂ.

ಇ-ಸಿಗರೇಟಿಗೆ ನಿಷೇಧವಿರುವಲ್ಲಿ ಅದರ ಇನ್ನೊಂದು ಹೆಸರಾದ ‘ವೇಪ್’ ಎಂಬ ಪದವನ್ನಷ್ಟೇ ಹುಡುಕಾಟದಲ್ಲಿ ತಡೆದರೆ ಸಾಲದು. ಅಕ್ಷರ ಬದಲಿಸಿ, ‘ಫ್ಲೇವರ್ ಪೆನ್’ ಎಂದು ಹೆಸರಿಟ್ಟು ಅದೇ ಸರಕು ಮರಳಿ ಬರುತ್ತದೆ. ಚಿತ್ರವನ್ನೂ ಪರಿಶೀಲಿಸಿ, ಮಾರಾಟಗಾರನ ಖಾತೆಯ ಜೊತೆಗೆ ಅದಕ್ಕೆ ಹಣ ಸಂದಾಯವಾಗುವ ದಾರಿಯನ್ನೂ ಮುಚ್ಚಬೇಕು.