ಕರಟ, ಅಡಿಕೆ ಹಾಳೆ, ಒಣಕಾಯಿ ಕಳಿಸಿ, ಥರ್ಮೋಕೋಲ್ ಬೇಡ

ಪ್ರಿಯ ಪೋಷಕರೇ,

ನಮಸ್ಕಾರ. ಫೆಬ್ರವರಿ ಮೊದಲ ವಾರ 5ರಿಂದ 7ನೇ ತರಗತಿಯ ಮಕ್ಕಳಿಗೆ ಕರಕುಶಲ ವಾರ. ಈ ಸಲ ಥರ್ಮೋಕೋಲ್, ಗ್ಲಿಟರ್, ಪ್ಲಾಸ್ಟಿಕ್ ಹೂವು ಯಾವುದೂ ಬೇಡ. ಬೀದಿಯಲ್ಲಿ, ಪಾರ್ಕಿನಲ್ಲಿ, ಅಡುಗೆಮನೆಯಲ್ಲಿ ಬಿದ್ದದ್ದನ್ನು ಮಕ್ಕಳೇ ಆಯ್ದು ತರಬೇಕು.

ಕಳೆದ ವರ್ಷ ಹೀಗೆಯೇ ಕೇಳಿದಾಗ ಮೂರು ಮನೆಗಳಿಂದ ಪೈನ್ ಮರದ ಕಾಯಿ ಬಂತು, ಆನ್‌ಲೈನ್‌ನಲ್ಲಿ ತರಿಸಿದ್ದು! ತಪ್ಪು ನಮ್ಮದೇ, ಬಿಡಿಸಿ ಹೇಳಿರಲಿಲ್ಲ. ನಮ್ಮ ಗೇಟಿನೆದುರೇ ಮಹಾಗನಿ ಮರವಿದೆ. ಅದರ ಕಾಯಿ ಬಿರಿದರೆ ದೋಣಿಯಂಥ ಐದು ಗಟ್ಟಿ ಸಿಪ್ಪೆ ಸಿಗುತ್ತವೆ. ಒಳಗಿನ ರೆಕ್ಕೆಬೀಜವನ್ನು ಮೇಲಕ್ಕೆ ತೂರಿದರೆ ಗಿರಗಿರನೆ ತಿರುಗುತ್ತಾ ಇಳಿಯುತ್ತದೆ. ನಾವು ದಿನಾ ಅದರ ಕೆಳಗೇ ಸ್ಕೂಟರ್ ನಿಲ್ಲಿಸುತ್ತೇವೆ.

ಮೊನ್ನೆ ತರಗತಿಯಲ್ಲಿ ಅಡಿಕೆ ಹಾಳೆ ತೋರಿಸಿ ಇದೇನು ಅಂದೆ. "ಮದುವೆಮನೆ ಪ್ಲೇಟು, ಮಿಸ್" ಅಂದಳೊಬ್ಬಳು. ಸುಳ್ಳೇನಲ್ಲ. ಆದರೆ ಮಲೆನಾಡಿನಲ್ಲಿ ಬೆಳೆದ ನನಗೆ ಅದು ಗಾಡಿ: ಒಬ್ಬರು ಹಾಳೆಯ ಮೇಲೆ ಕೂರುವುದು, ಇನ್ನೊಬ್ಬರು ಸೋಗೆ ಹಿಡಿದು ಎಳೆಯುವುದು. ಹಾಳೆಯನ್ನು ನೀರಲ್ಲಿ ನೆನೆಸಿದರೆ ಚರ್ಮದಂತೆ ಮೆತ್ತಗಾಗುತ್ತದೆ. ಮಡಚಿ, ಹೊಲಿದು ಒಣಗಿಸಿದರೆ ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ತುಳುನಾಡಿನ ಹಾಳೆ ಟೋಪಿ, ಅಂದರೆ ಮುಟ್ಟಾಳೆ, ಆಗುವುದೂ ಹೀಗೆಯೇ. ಎಲ್ಲಿ ಬಾಗುತ್ತದೆ, ಎಲ್ಲಿ ಸೀಳುತ್ತದೆ ಎಂಬುದನ್ನು ಕೈಗೆ ಹಾಳೆಯೇ ಹೇಳಿಕೊಡಬೇಕು, ನಾನು ಬೋರ್ಡಿನ ಮೇಲೆ ಬರೆದು ಕಲಿಸಲಾರೆ.

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಾಡನ್ನು ನುಂಗುತ್ತಿರುವ ಲಂಟಾನ ಎಂಬ ಕಳೆಗಿಡದ ಕಡ್ಡಿಗಳನ್ನು ನೀರಲ್ಲಿ ಕುದಿಸಿ, ಸಿಪ್ಪೆ ಸುಲಿದು, ಬಾಗಿಸಿ ಕುರ್ಚಿ ಕಟ್ಟುತ್ತಾರೆ, ಆನೆಯ ಬೊಂಬೆಯನ್ನೂ ಕಟ್ಟುತ್ತಾರೆ. 2024ರ ಆರಂಭದಲ್ಲಿ ಲಾಲ್‌ಬಾಗಿನಲ್ಲಿ ಲಂಟಾನದ ಆನೆಗಳ ಹಿಂಡೇ ನಿಂತಿತ್ತು. ನೋಡಿದವರು ಮಕ್ಕಳಿಗೆ ಫೋಟೋ ತೋರಿಸಿ.

ನಿಮ್ಮಿಂದ ಬೇಕಿರುವುದು ಭಾನುವಾರ ಬೆಳಗಿನ ಅರ್ಧ ಗಂಟೆ. ಮಗುವಿನ ಜೊತೆ ನಡೆಯಿರಿ, ಮೊಬೈಲ್ ಮನೆಯಲ್ಲೇ ಇರಲಿ. ಬಿದ್ದದ್ದನ್ನಷ್ಟೇ ಆಯಿರಿ, ಮರದಿಂದ ಕೀಳಬೇಡಿ. ಗುಲಗಂಜಿ ಮತ್ತು ಕಣಗಿಲೆ ಕಾಯಿ ಮಾತ್ರ ಮುಟ್ಟಿಸಬೇಡಿ, ವಿಷ. ಕರಟವನ್ನು ತೊಳೆದು ಒಣಗಿಸಿ ಕಳಿಸಿ. ಹುಣಸೆಬೀಜವಿದ್ದರೆ ಅದನ್ನೂ ಕಳಿಸಿ, ಅಂಟನ್ನು ಶಾಲೆಯಲ್ಲೇ ಕಾಯಿಸುತ್ತೇವೆ.

ದಯವಿಟ್ಟು ನೀವು ಮಾಡಿಕೊಡಬೇಡಿ. ಸೊಟ್ಟಗಾದರೂ ಅವರೇ ಮಾಡಲಿ.

ಹಾಳೆ ಟೋಪಿ ಹೊಲಿಯಲು ಬರುವ ಅಜ್ಜ-ಅಜ್ಜಿಯರು ಮನೆಯಲ್ಲಿದ್ದರೆ ಬುಧವಾರ ಮಧ್ಯಾಹ್ನ 2 ಗಂಟೆಗೆ ಕಳಿಸಿಕೊಡಿ. ನನಗೆ ಹಾಳೆ ಎಳೆಯುವುದಷ್ಟೇ ಗೊತ್ತು.

ಇಂತಿ,
ಮುಖ್ಯೋಪಾಧ್ಯಾಯಿನಿ